ಕ್ಯೂನಲ್ಲಿ ಒಂದು ರಿಪೋರ್ಟು

ಮತ್ತೆ ಅದೇ ಸಾಲು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ನಿಮ್ಮ ಸರ್ವರ್ ಮೇಲೆ ದೂರುಗಳಿವೆ, ಈಗ ಸ್ವೀಕರಿಸುವುದಿಲ್ಲ, ಆಮೇಲೆ ಪ್ರಯತ್ನಿಸಿ — ಆಮೇಲೆ ಅಂದರೆ ಯಾವಾಗ, ಎರಡೂ ಹತ್ತಾಯಿತು, ನಾಲ್ಕಕ್ಕೆ ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮೀಟಿಂಗು, ಅಷ್ಟರೊಳಗೆ ನಾಗಲಕ್ಷ್ಮಮ್ಮನವರ ಬಯಾಪ್ಸಿ ರಿಪೋರ್ಟು ನಮ್ಮ ಲ್ಯಾಬಿನಿಂದ ಅಲ್ಲಿಗೆ ಮುಟ್ಟದಿದ್ದರೆ ಇವತ್ತಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಮುಂದಿನ ಮೀಟಿಂಗು ಹದಿನೈದು ದಿನಕ್ಕೆ, ಆಪರೇಷನ್ನಿನ ಮಾತು ಅದರಾಚೆಗೆ. ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಕೂತಿದ್ದಾರೆ, ಬೆಳಿಗ್ಗೆಯೇ ಶ್ರೀನಗರದಿಂದ ಬಂದವರು, ಗಾರ್ಮೆಂಟ್ಸಿಗೆ ರಜೆ ಹಾಕಿ, ಫೋನನ್ನು ಎರಡೂ ಅಂಗೈಗಳ ಮೇಲೆ ಮಲಗಿಸಿಕೊಂಡು, ರಿಪೋರ್ಟು ಮುಟ್ಟಿದ ಕೂಡಲೇ ಆಸ್ಪತ್ರೆಯವರು ಫೋನ್ ಮಾಡುತ್ತಾರಂತೆ, ಒಂದು ಕೈಯಲ್ಲಿ ಹಿಡಿದರೆ ಏನಾಗುತ್ತದೆ, ನೋಡಬಾರದು ಅಂದುಕೊಂಡಷ್ಟೂ ಆ ಕಡೆಗೇ ಹೋಗುತ್ತದೆ ಕಣ್ಣು. ಪ್ರಿಂಟ್ ತೆಗೆದು ಕೈಯಲ್ಲಿ ಕೊಟ್ಟು ಕಳಿಸೋಣವೆಂದರೆ ಆಸ್ಪತ್ರೆಯವರು ತಗೊಳ್ಳುವುದಿಲ್ಲ, ಹೋದ ವರ್ಷ ಯಾರೋ ತಿದ್ದಿದ ರಿಪೋರ್ಟು ತಂದಿದ್ದರಂತೆ, ಅಂದಿನಿಂದ ಲ್ಯಾಬಿನ ನೋಂದಾಯಿತ ಇಮೇಲಿನಿಂದಲೇ ಬರಬೇಕು, ಹನ್ನೆರಡಕ್ಕೆ ನನ್ನ ಸ್ವಂತ ಇಮೇಲಿನಿಂದ ಕಳಿಸಿದೆ, ಇದ್ಯಾರ ಐಡಿ ಮೇಡಂ, ಇದು ನಡೆಯಲ್ಲ ಅಂದಳು ಆಸ್ಪತ್ರೆಯ ಡೆಸ್ಕಿನ ಹುಡುಗಿ. ಆಗ ಲಗತ್ತು ಕೆಟ್ಟಿದೆಯೇನೋ ಎಂದು ತೆರೆದು ನೋಡಿದ್ದು, ಎರಡನೇ ಪುಟದ ಕೊನೆಯ ಸಾಲು ಕಣ್ಣಿಗೆ ಬಿದ್ದದ್ದು, ನನಗೇನಿತ್ತು ಅಲ್ಲಿ ಕೆಲಸ, ನಾನು ಸರ್ವರ್ ನೋಡಿಕೊಳ್ಳುವವಳು, ಡಾಕ್ಟರ್ ಹೇಳಬೇಕಾದದ್ದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ, ನಡುವೆ ಒಂದು ಗಾಜಿನ ಬಾಗಿಲು.

ಹೆಸರು ಸರಿ ಇದೆ, ವಿಳಾಸ ಸರಿ ಇದೆ, ಡಿಜಿಟಲ್ ಸಹಿ ಸರಿ ಇದೆ, ಮೂರು ಸಲ ನೋಡಿದೆ, ನಾಲ್ಕನೇ ಸಲವೂ ನೋಡಿದೆ ಯಾಕೆಂದರೆ ನಾನು ಗ್ಯಾಸ್ ಆಫ್ ಮಾಡಿ ಬಂದು ಬಸ್‌ಸ್ಟಾಪಿನಿಂದ ವಾಪಸ್ ಹೋಗಿ ನೋಡುವ ಜಾತಿ. ದಿನಕ್ಕೆ ಅರವತ್ತು ರಿಪೋರ್ಟು ಕಳಿಸುವ ಈ ಪುಟ್ಟ ಲ್ಯಾಬಿನ ಕ್ಯೂನಲ್ಲಿ ಎಂಟು ಸಾವಿರದ ನಾನೂರು ಮೇಲ್ ನಿಂತಿವೆ, ಯಾವುದಿದು, ಒಂದನ್ನು ತೆರೆದರೆ ಗಣಪತಿ, ಕೆಳಗೆ ಬಾಳೆಕಂದು, ಹೊಸಕೆರೆಹಳ್ಳಿಯ ನೂತನ ಗೃಹಪ್ರವೇಶಕ್ಕೆ ಆದರದ ಆಮಂತ್ರಣ, ಸುಖಾಗಮನ ಬಯಸುವವರು ನಲವತ್ತೆರಡು ಹೆಸರು, ಮೊದಲನೆಯದು ನಮ್ಮ ಓನರ್ ಬೈರಣ್ಣನವರದು. ಅಯ್ಯೋ ದೇವರೇ. ಕೌಂಟರಿನ ದಿವ್ಯಳನ್ನು ಕೇಳಿದರೆ, ನಿನ್ನೆ ಸಂಜೆ ಸಾರೇ ಹೇಳಿದ್ರು ಅಕ್ಕ, ಲಿಸ್ಟಲ್ಲಿರೋ ಪೇಷಂಟ್ಸ್‌ಗೆಲ್ಲ ಹಾಕು ಅಂತ, ಅಂದಳು, ಎಷ್ಟು ಜನಕ್ಕೆ, ಹನ್ನೊಂದು ಸಾವಿರ. ಶುಗರ್ ರಿಪೋರ್ಟಿಗೆ ಕಾದು ಕೂತವರಿಗೆ ಹೋಳಿಗೆ ಊಟದ ಕರೆ ಹೋಗಿದೆ, ಅವರು ಸ್ಪ್ಯಾಮ್ ಅಂತ ಒತ್ತಿದ್ದಾರೆ, ಒತ್ತದೆ ಇನ್ನೇನು, ಬೆಳಗಾಗುವಷ್ಟರಲ್ಲಿ ಊರಿನ ಸರ್ವರುಗಳೆಲ್ಲ ನಮ್ಮ ಮುಖಕ್ಕೆ ಬಾಗಿಲು ಹಾಕಿವೆ. ಬೈರಣ್ಣ ಒಳಗೆ ಬಂದರು, ಯಾಕಮ್ಮ ಪದ್ಮ ಮುಖ ಹಂಗಿಟ್ಕೊಂಡಿದೀಯ, ನಿಂಗೂ ಬಂದೈತಲ್ಲ ಪತ್ರಿಕೆ, ಸಾರ್ ಹನ್ನೊಂದು ಸಾವಿರ ಜನಕ್ಕಾ, ಇನ್ನೇನಮ್ಮ, ನಮ್ಗೆ ರಕ್ತ ಕೊಟ್ಟೋರು ಅವ್ರು, ಒಬ್ಬರನ್ನ ಕರೆದು ಒಬ್ಬರನ್ನ ಬಿಡಕ್ಕಾಯ್ತದಾ. ಈ ಲ್ಯಾಬ್ ನಿಂತಿರುವ ಜಾಗದಲ್ಲಿ ಅವರಪ್ಪ ಸೊಪ್ಪು ಬೆಳೆಯುತ್ತಿದ್ದರಂತೆ, ಅಕ್ಷತೆ ಹಿಡಿದು ಮನೆಮನೆಗೆ ಹೋಗಿ ಕರೆಯುತ್ತಿದ್ದರಂತೆ, ಇಟ್ಟಮಡುವಿನಲ್ಲಿ ಒಂದು ಮನೆ ಮರೆತದ್ದಕ್ಕೆ ಆ ಮನೆಯವರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರಂತೆ, ಇದನ್ನೆಲ್ಲ ನಾನು ಆ ಆಸ್ಪತ್ರೆಯ ಸರ್ವರ್‌ಗೆ ಹೇಗೆ ಹೇಳಲಿ, ಅದಕ್ಕೇನು ಗೊತ್ತು ಕರೆಯದೆ ಬಿಟ್ಟ ಮನೆಯ ಸಿಟ್ಟು.

ಪತ್ರಿಕೆಗಳನ್ನಷ್ಟೇ ಅಳಿಸಬೇಕು, ಒಂದಕ್ಷರ ತಪ್ಪಿದರೆ ಎಲ್ಲರ ರಿಪೋರ್ಟೂ ಹೋಗುತ್ತದೆ, ಉಸಿರು ಹಿಡಿದು ಒತ್ತಿದೆ, ಎಂಟು ಸಾವಿರ ಗಣಪತಿಗಳು ಹೋದವು, ತಪ್ಪಾಯಿತು ಅನ್ನಬೇಕೆನಿಸಿತು, ಯಾರಿಗೆ. ಮೂರು ಗಂಟೆ. ದೂರು ಬಂದ ಸರ್ವರುಗಳ ಕಪ್ಪುಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ ಎಂಬ ಅರ್ಜಿ ತುಂಬಿದರೆ ಇಪ್ಪತ್ತನಾಲ್ಕು ಗಂಟೆ ಬೇಕಂತೆ. ಆಸ್ಪತ್ರೆಯ ಐಟಿ ವಿಭಾಗಕ್ಕೆ ಫೋನು, ರೇವಂತ್ ಎಂಬಾತ, ನಮ್ಮ ಸರ್ವರ್ ಅನ್ನು ಇವತ್ತೊಂದು ದಿನ ಒಳಗೆ ಬಿಡಿ ಸಾರ್ ಅಂದರೆ, ಹಂಗೆಲ್ಲ ಆಗಲ್ಲ ಮೇಡಂ, ಲ್ಯಾಬಿನ ಐಡಿಯಿಂದ ನಮಗೊಂದು ಮೇಲ್ ಹಾಕಿ, ನಿಮ್ಮ ದೂರಿಗೆ ಟಿಕೆಟ್ ನಂಬರ್ ಜನರೇಟ್ ಆಗುತ್ತೆ — ಸಾರ್, ಲ್ಯಾಬಿನ ಮೇಲ್ ನಿಮಗೆ ಬರುತ್ತಿಲ್ಲ ಅಂತಲೇ ಫೋನ್ ಮಾಡಿರೋದು, ಅದು ಪ್ರೊಸೀಜರ್ ಮೇಡಂ. ನಾನು ಕಲಿತ ಒಳ್ಳೆಯ ಮಾತುಗಳೆಲ್ಲ ಮುಗಿದವು, ದಯವಿಟ್ಟು, ತುರ್ತು, ರೋಗಿಯ ಹಿತದೃಷ್ಟಿಯಿಂದ, ಒಂದೂ ಒಳಗೆ ಇಳಿಯಲಿಲ್ಲ. ಬೈರಣ್ಣ ನನ್ನ ಕೈಯಿಂದ ಫೋನ್ ತಗೊಂಡರು, ಗುರು, ತಪ್ಪು ನಂದು ಕಣಪ್ಪ, ಆ ಯಮ್ಮನದಲ್ಲ, ಮನೆ ಕಟ್ಟಿದೀನಿ ಅಂತ ಖುಷಿಗೆ ಎಲ್ಲರ್ನೂ ಕರೆದ್ಬಿಟ್ಟೆ, ನಿಮ್ಮ ಮಿಷನ್ಗೆ ಅದು ಕಳ್ಳತನ ಅನ್ನಿಸ್ತು, ಇಲ್ಲೊಬ್ಬ ತಾಯಿ ಬೆಳಗ್ಗೆಯಿಂದ ಕೂತವ್ಳೆ ನೋಡು, ನಿಂಗೂ ಒಬ್ಬ ತಾಯಿ ಅವ್ಳಲ್ಲ. ಆ ಕಡೆ ಕೀಬೋರ್ಡಿನ ಸದ್ದು. ನಾಲ್ಕು ಗಂಟೆವರೆಗೆ ಬಿಡ್ತೀನಿ ಅಂಕಲ್, ಆಮೇಲೆ ಕ್ಲೋಸ್. ಭಾನುವಾರ ಬಂದ್ಬಿಡು ಮಗಾ ಊಟಕ್ಕೆ, ಅಂದರು ಬೈರಣ್ಣ, ಹನ್ನೊಂದು ಸಾವಿರದ ಒಂದು.

ಮೂರೂ ನಲವತ್ತೊಂದು, ಮತ್ತೆ ಕಳಿಸು ಎಂದು ಒತ್ತಿದೆ, ಸಾಲು ಬಂತು, ಸ್ವೀಕರಿಸಲಾಗಿದೆ, ಕಳಿಸಲಾಗಿದೆ, ಐದು ಗಂಟೆಯ ಕಾಲ ಇದೊಂದು ಪದಕ್ಕಾಗಿ ಹಲ್ಲು ಕಚ್ಚಿ ಕೂತಿದ್ದೆ, ಗೆದ್ದೆ ಅನ್ನಿಸಬೇಕಿತ್ತು, ಬಾಗಿಲು ತಳ್ಳಿ ಹೊರಗೆ ಬಂದರೆ ನಾಗಲಕ್ಷ್ಮಮ್ಮ ತಲೆಯೆತ್ತಿ, ಹೋಯ್ತಾ ಮೇಡಂ, ನಿಮ್ಮಿಂದ ಎಷ್ಟು ಉಪಕಾರ ಆಯ್ತು, ಊಟಾನೂ ಮಾಡ್ಲಿಲ್ಲ ಪಾಪ ನೀವು — ಹೋಯ್ತು ಅಮ್ಮ, ಹೋಯ್ತು ಅಷ್ಟೇ ಅಂದೆ, ಎರಡನೇ ಪುಟದ ಕೊನೆಯ ಸಾಲೂ ಹೋಯಿತು, ನಾನೇ ಕಳಿಸಿದ್ದು, ಈಗ ಆ ಡೆಸ್ಕಿನ ಹುಡುಗಿ ಅದನ್ನು ತೆರೆಯುತ್ತಾಳೆ, ಫೋನ್ ಮಾಡಿ, ಬರುವಾಗ ಜೊತೆಗೆ ಮನೆಯವರನ್ನ ಯಾರನ್ನಾದರೂ ಕರ್ಕೊಂಡು ಬನ್ನಿ ಅನ್ನುತ್ತಾಳೆ, ಅಷ್ಟು ಸಾಕು, ಅಷ್ಟರಲ್ಲೇ ತಿಳಿಯುತ್ತದೆ, ಇನ್ನೊಂದು ಐದು ನಿಮಿಷ ತಡವಾಗಬಾರದೇ, ಎಲ್ಲಾದರೂ ಸಿಕ್ಕಿಕೊಳ್ಳಬಾರದೇ, ಕಾಫಿ ಕುಡೀರಿ ಅಮ್ಮ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಫೋನು ಬೆಳಗಿತು, ನಡುಗುತ್ತಿದೆ, ಅವರು ಎತ್ತಲಿಲ್ಲ, ನನ್ನನ್ನೇ ನೋಡುತ್ತಿದ್ದಾರೆ — ಎರಡು ಅಂಗೈ, ಹೊಲಿಗೆ ಸೂಜಿ ಚುಚ್ಚಿದ ಬೆರಳ ತುದಿಗಳು, ನಡುವೆ ಬೆಳಗುತ್ತಿರುವ ಫೋನು, ಎರಡು ಅಂಗೈ