ಬೀಳುವ ವಿದ್ಯೆ

ಬೀಳುವುದನ್ನು ಕಲಿಸಲಿಕ್ಕೂ ಒಬ್ಬ ಗುರು ಬೇಕೇ ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ನನ್ನ ಗಂಟೇನು ಹೋಗುತ್ತದೆ? ಆದರೆ ತೆಲಂಗಾಣದ ಗಡಿಯೂರು ಮಕ್ತಲ್‌ನ ಮೈದಾನಕ್ಕೆ ಒಂದು ದಿನ ಬೆಳಿಗ್ಗೆ ಬಂದು ನಿಂತಿದ್ದರೆ ಆ ಮಾತು ಆಡುತ್ತಿರಲಿಲ್ಲ. ಅಲ್ಲಿ ಅರವತ್ತು ದಾಟಿದ, ಕೆಂಪು ಮುಖದ, ಹೊಟ್ಟೆ ಬಂದ ಪೋರ್ಚುಗೀಸ್ ಮನುಷ್ಯನೊಬ್ಬ ಊರಿನ ಗಟ್ಟಿಮುಟ್ಟಾದ ಹುಡುಗರನ್ನು ಸಾಲಾಗಿ ನಿಲ್ಲಿಸಿಕೊಂಡು ಒಬ್ಬೊಬ್ಬರಿಂದಲೂ ಬೀಳುವ ಅಭ್ಯಾಸ ಮಾಡಿಸುತ್ತಿದ್ದ.

"ಕೈ ಮೊದಲು ಊರಬ್ಯಾಡ್ರೋ!" ಎಂದು ಕೂಗುತ್ತಿದ್ದ. "ಕೈ ಊರಿದವ ಕಳ್ಳ ಅಂತ ಕುರುಡಗೂ ಗೊತ್ತಾಗತೈತಿ. ಮೊದಲು ಮೊಣಕಾಲು, ಆಮ್ಯಾಲ ಭುಜ. ಒಂದು ಉಸಿರು ಬಿಟ್ಟು 'ಅಯ್ಯವ್ವಾ' ಅನ್ರಿ. ರೆಫ್ರಿ ಮಾರಿ ಮಾತ್ರ ನೋಡಬ್ಯಾಡ್ರಿ."

ಅವನ ಹೆಸರು ಝೆಫೆರಿನೊ. ಮಕ್ತಲ್‌ನ ನಾಲಿಗೆಗೆ ಅದು ಒಗ್ಗಲಿಲ್ಲ. ಬಂದ ವಾರದಲ್ಲೇ ಜಪ್ಪಣ್ಣನಾದ. ಈ ಕನ್ನಡ ಎಲ್ಲಿಂದ ಬಂತು ಅಂತೀರಾ? ಗೋವಾದಲ್ಲಿ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಮ್ಯಾನೇಜರ್ ಆಗಿದ್ದಾಗ ಅಲ್ಲಿನ ಮೈದಾನಕ್ಕೆ ನೀರು ಬಿಡುತ್ತಿದ್ದ ಸಿದ್ದಪ್ಪ ಕಲಿಸಿದ್ದು. ಸಿದ್ದಪ್ಪ ಮಕ್ತಲ್‌ನವನು, ಮಾತಿಗೆ ಜನ ಸಿಗದೆ ಒದ್ದಾಡುತ್ತಿದ್ದವನು. ಐದಾರು ವರ್ಷ ಬಿಡದೆ ಕಿವಿಯಲ್ಲಿ ತುಂಬಿದ, ಜಪ್ಪಣ್ಣನಿಗೆ ಬಾರದೆ ಏನು ಮಾಡೀತು?

ಈ ಜಪ್ಪಣ್ಣನ ಚರಿತ್ರೆ ಸಾಮಾನ್ಯದ್ದಲ್ಲ. ಪೋರ್ಚುಗಲ್‌ನ ಮೀನುಗಾರರ ಊರಲ್ಲಿ ಹುಟ್ಟಿ, ಚಿಕ್ಕಪುಟ್ಟ ಕ್ಲಬ್ಬುಗಳಲ್ಲಿ ಗೋಲು ಹೊಡೆಯುವ ಮುಂದಾಳಾಗಿ ಆಡಿದವನು. ಗೋಲು ಹೊಡೆದದ್ದು ಕಡಿಮೆ, ಬಿದ್ದದ್ದು ಜಾಸ್ತಿ. ಗೋಲಿನ ಮುಂದಿನ ಚೌಕದೊಳಗೆ ಹೋದನೆಂದರೆ ಗಾಳಿ ಬೀಸಿದರೂ ಬೀಳುತ್ತಿದ್ದ, ರೆಫ್ರಿ ಪೆನಾಲ್ಟಿ ಕೊಡುತ್ತಿದ್ದ. ಒಂದು ಫೈನಲ್ಲಿನಲ್ಲಂತೂ ಸುತ್ತ ನರಪಿಳ್ಳೆ ಇಲ್ಲದ ಜಾಗದಲ್ಲಿ ಬಿದ್ದು ಕಪ್ಪು ಗೆಲ್ಲಿಸಿ, ಟಿವಿಯವರ ಮುಂದೆ ಕೊರಳ ಶಿಲುಬೆಗೆ ಮುತ್ತಿಟ್ಟು, "ನನ್ನನ್ನು ಒದ್ದದ್ದು ಖರೆ" ಅಂದುಬಿಟ್ಟಿದ್ದ. ಎಂಥ ಎದೆಗಾರಿಕೆ ನೋಡಿ!

ಮೊಣಕಾಲು ಸವೆದ ಮೇಲೆ ಮ್ಯಾನೇಜರ್ ಆದ. ತನಗೆ ಬರುವ ಒಂದೇ ವಿದ್ಯೆಯನ್ನು ಹೋದಲ್ಲೆಲ್ಲ ಕಲಿಸಿದ, ಹೋದಲ್ಲೆಲ್ಲ ಹೊರಗೆ ಹಾಕಿಸಿಕೊಂಡ. ಸೈಪ್ರಸ್‌ನಲ್ಲಿ ಅವನ ತಂಡದ ಅರ್ಧ ಜನ ಒಂದೇ ಸಲಕ್ಕೆ ಬಿದ್ದುಬಿಟ್ಟು, ಎದುರಾಳಿ ಮದುವೆ ಮನೆಗೆ ಹೋದಂತೆ ಆರಾಮಾಗಿ ನಡೆದುಹೋಗಿ ಗೋಲು ಹಾಕಿದ್ದ. ಅಂಗೋಲಾದಲ್ಲಿ ಕ್ಲಬ್ಬಿನ ಯಜಮಾನನ ಮಗನಿಗೇ, "ನಿನಗೆ ಬೀಳಲಿಕ್ಕೂ ಬರುವುದಿಲ್ಲ" ಅಂದಿದ್ದ. ಮಕಾವ್‌ನಲ್ಲಿ ಏನಾಯಿತೆಂದು ಅವನು ಸಿದ್ದಪ್ಪನಿಗೂ ಹೇಳಿಲ್ಲ. ಕೊನೆಗೆ ಗೋವಾದವರೂ ಕೈ ಮುಗಿದರು. ಹೆಂಡತಿ ಯಾವಾಗಲೋ ಬಿಟ್ಟುಹೋಗಿದ್ದಳು. ಹೋಗಲಿಕ್ಕೆ ಊರೆಂಬುದೇ ಇರಲಿಲ್ಲ. ಆಗ ಸಿದ್ದಪ್ಪ, "ನಮ್ಮ ಊರಿಗೆ ಬರ್ರಿ ಸಾಹೇಬ್ರ, ನಮ್ಮ ಸಾವುಕಾರ್ರಿಗೆ ಗದ್ವಾಲದವರನ್ನ ಸೋಲಸೋ ಹುಚ್ಚು ಹಿಡದೈತಿ" ಎಂದು ಕರೆತಂದ.

ಸಾವುಕಾರ್ರೆಂದರೆ ಶೇಂಗಾ ಎಣ್ಣೆ ಗಿರಣಿಯ ಗುರುಪ್ರಸಾದ. ಹಣೆ ತುಂಬ ವಿಭೂತಿ, ಭಾರಿ ಶರೀರ, ಜೀವಮಾನದಲ್ಲಿ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ಆದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಊರು ಸೇರಿ ಆಡುವ ಕಪ್ಪನ್ನು ಗದ್ವಾಲದವರು ವರ್ಷಾ ವರ್ಷಾ ಒಯ್ದು, ಸೀರೆ ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟು ಮೆರೆಯುತ್ತಿದ್ದರು. ಗುರುಪ್ರಸಾದರಿಗೆ ಹೆಂಡತಿಯ ಜೊತೆ ಆ ಅಂಗಡಿಗೆ ಹೋದಾಗಲೆಲ್ಲ ಅದನ್ನು ನೋಡಿ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

"ನೋಡ್ರಿ ಜಪ್ಪಣ್ಣ," ಎಂದು ಅವರು ಮೊದಲ ದಿನವೇ ಹೇಳಿದ್ದರು. "ಕಪ್ಪು ತಂದ್ರ ಗಿರಣಿ ಮ್ಯಾಲಿನ ಕೋಣಿ ನಿಮ್ದು, ಬದುಕಿರೋ ತನಕ ಇರ್ರಿ. ತರಲಿಲ್ಲಂದ್ರ ಅವತ್ತೇ ಸಂಜಿ ಬಸ್ಸು."

ಬಸ್ಸು ಜಪ್ಪಣ್ಣನಿಗೆ ಹೊಸದೇನಲ್ಲ. ಆದರೆ ಈ ಸಲ ಅದನ್ನು ಹತ್ತುವ ಮನಸ್ಸಿರಲಿಲ್ಲ. ಯಾಕೆಂದರೆ ಊರು ಅವನಿಗೆ ಹಿಡಿಸಿಬಿಟ್ಟಿತ್ತು. ಗಿರಣಿಯ ಹಸಿ ಎಣ್ಣೆಯ ವಾಸನೆ, ಸಿದ್ದಪ್ಪನ ಹೆಂಡತಿ ಗುರಮ್ಮ ತಟ್ಟಿಕೊಡುವ ಬಿಸಿ ರೊಟ್ಟಿ, ಆಗಾಗ ಸಾವುಕಾರರ ಕಣ್ಣು ತಪ್ಪಿಸಿ ಜೂರಾಲ ಡ್ಯಾಮಿನ ಹತ್ತಿರ ಹೋಗಿ ತಿನ್ನುವ ಕರಿದ ಮೀನು. ದಾರಿಯಲ್ಲಿ ಹೋದರೆ ಮುದುಕಿಯರು, "ಉಂಡೇನಪ್ಪಾ?" ಅನ್ನುತ್ತಿದ್ದರು. ಇಷ್ಟು ದೇಶ ತಿರುಗಿದರೂ ಹಾಗೆ ಯಾರೂ ಕೇಳಿರಲಿಲ್ಲ. ಇಲ್ಲೇ ಇದ್ದುಬಿಡಬೇಕು ಅನ್ನುವ ಆಸೆ ಅವನಿಗೆ ಗಟ್ಟಿಯಾಗಿ ಹುಟ್ಟಿತ್ತು.

ನಾರಾಯಣಪೇಟೆಯ ಮೇಲಿನ ಪಂದ್ಯ ಸಲೀಸಾಗಿ ಹೋಯಿತು. ಮುಂದಾಳು ನರೇಂದ್ರ, ಕುರಿ ಸಾಕುವ ಮನೆಯ ಹುಡುಗ, ಓಟದಲ್ಲಿ ಚುರುಕು, ಬೀಳುವುದರಲ್ಲಿ ಗುರುವನ್ನು ಮೀರಿಸಿದವನು. ಎರಡು ಸಲ ಬಿದ್ದ, ಎರಡು ಪೆನಾಲ್ಟಿ. ರೆಫ್ರಿಯಾಗಿದ್ದ ಕೋಸಗಿಯ ಮಾಸ್ತರರು ಅವನ ಕಾಲು ಉಳುಕಿತೆಂದು ತಾವೇ ಕೂತು ಉಜ್ಜಿದರು ಪಾಪ.

ಸುದ್ದಿ ಗದ್ವಾಲಕ್ಕೆ ಮುಟ್ಟಿತು. ಅವರೇನು ಬಾಯಲ್ಲಿ ಬೆರಳಿಟ್ಟರೆ ಕಚ್ಚದವರೇ? ಫೈನಲ್ಲಿಗೆ ಮರಿಕಲ್‌ನ ಯಂಕಣ್ಣನೇ ರೆಫ್ರಿ ಆಗಬೇಕೆಂದು ಪಟ್ಟು ಹಿಡಿದರು. ಯಂಕಣ್ಣ ಹರೆಯದಲ್ಲಿ ಪೊಲೀಸರ ತಂಡಕ್ಕೆ ಆಡಿದ್ದ. ಈಗ ಕುರಿ, ಹೊಲ ಮತ್ತು ಬೀರಪ್ಪನ ಗುಡಿಯ ಪೂಜೆ. ಕಣ್ಣು ಸ್ವಲ್ಪ ಮಂದ ಎಂದು ಕೇಳಿ ಜಪ್ಪಣ್ಣ ಖುಷಿಯಾದ.

"ಕಣ್ಣು ಮಂದ ಅಂದ್ರ ನಮಗ ಹಬ್ಬ," ಅಂದ.

ಸಿದ್ದಪ್ಪ ಯಾಕೋ ತಲೆ ಕೆರೆದುಕೊಂಡ.

ಗದ್ವಾಲದ ಕೋಟೆಯ ಪಕ್ಕದ ಮೈದಾನದಲ್ಲಿ ಜನವೋ ಜನ. ಯಂಕಣ್ಣ ಅರ್ಧ ಚಡ್ಡಿ ಹಾಕಿ, ಕೊರಳಿಗೆ ಸೀಟಿ, ಸೊಂಟಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿಕೊಂಡು ಬಂದ. ಚೀಲದಲ್ಲಿ ಎಲೆ ಅಡಿಕೆ ಇರಬೇಕೆಂದು ಜಪ್ಪಣ್ಣ ಅಂದುಕೊಂಡ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಗದ್ವಾಲದವರು ಒಂದು ಗೋಲು ಹಾಕಿದರು. ಜಪ್ಪಣ್ಣ ಗೆರೆಯ ಹೊರಗಿಂದ ನರೇಂದ್ರನಿಗೆ ಕಣ್ಣು ಹೊಡೆದ. ನರೇಂದ್ರ ಚೆಂಡು ಒಯ್ದು ಚೌಕದೊಳಗೆ ನುಗ್ಗಿದವನೇ ಎದುರಾಳಿಯ ಪಕ್ಕ ಬಿದ್ದ. ಮೊಣಕಾಲು, ಭುಜ, ಒಂದು ಉಸಿರು, ಅಯ್ಯವ್ವಾ. ನೋಡಿದವರ ಕರುಳು ಚುರ್ ಅನ್ನಬೇಕು, ಹಾಗೆ.

ಯಂಕಣ್ಣ ಸೀಟಿ ಊದಿದ. ಮಕ್ತಲ್‌ನವರು ಕುಣಿದರು. ಯಂಕಣ್ಣ ಮಾತ್ರ ಅವಸರವಿಲ್ಲದೆ ಹತ್ತಿರ ಬಂದು, ಸೊಂಟದ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅರಿಶಿನದ ಭಂಡಾರ ತೆಗೆದ.

"ಕೈ ಒಡ್ಡೋ ನರೇಂದ್ರ. ಬೀರಪ್ಪನ ಭಂಡಾರ ಐತಿ. ಹಿಡದು ಹೇಳು. ಅವ ನಿನ್ನ ಮುಟ್ಟ್ಯಾನೋ, ಇಲ್ಲೋ?"

ನರೇಂದ್ರ ಭಂಡಾರ ನೋಡಿದ, ಗುರುವನ್ನು ನೋಡಿದ, ಮತ್ತೆ ಭಂಡಾರ ನೋಡಿದ.

"ಇಲ್ಲ ಕಾಕಾ. ನಾನ ಬಿದ್ದೆ."

"ಭೇಷ್ ಮಗನ. ಏಳು, ಅಂಗಿ ಝಾಡಿಸ್ಕೋ."

"ಇದ್ಯಾವ ಕಾನೂನ್ರೀ ಇದು!" ಎಂದು ಜಪ್ಪಣ್ಣ ಟೋಪಿ ತೆಗೆದು ನೆಲಕ್ಕೆ ಬಡಿದ.

"ನಾ ಅವಾಗೇ ಹೇಳಬೇಕು ಅಂದ್ಕೊಂಡಿದ್ದೆ ಸಾಹೇಬ್ರ," ಎಂದು ಸಿದ್ದಪ್ಪ ಟೋಪಿ ಎತ್ತಿಕೊಟ್ಟ. "ಭಂಡಾರ ಹಿಡದು ಸುಳ್ಳು ಹೇಳಿದ್ರ ಮನಿ ಉದ್ಧಾರ ಆಗಂಗಿಲ್ಲ. ಹಟ್ಟ್ಯಾಗಿನ ಕುರಿ ಸೈತ ಉಳಿಯಂಗಿಲ್ಲ ಅಂತಾರ. ಯಂಕಣ್ಣ ಕಣ್ಣು ಮಂದ ಆದಾಗಿಂದ ಹಿಂಗ ಆಡಸ್ತಾನ."

ಆದರೆ ಮಜಾ ನೋಡಿ, ಕತ್ತಿ ಎರಡೂ ಕಡೆ ಕೊಯ್ಯಿತು. ಇನ್ನೊಂದು ಗಳಿಗೆಗೆ ಗದ್ವಾಲದ ನರಸಿಂಹುಲು ಚೌಕದೊಳಗೆ ಚೆಂಡನ್ನು ಕೈಯಿಂದ ತಡೆದ. ಯಾರೂ ಸರಿಯಾಗಿ ನೋಡಿರಲಿಲ್ಲ. ಯಂಕಣ್ಣ ಚೀಲಕ್ಕೆ ಕೈ ಹಾಕಿದ್ದೇ ತಡ, ಜನ, "ನಿಜಂ ಚೆಪ್ಪು ರಾ!" ನಿಜ ಹೇಳೋ ಎಂದು ತೆಲುಗಿನಲ್ಲಿ ಅರಚಿದರು. ಭಂಡಾರ ಅಂಗೈಗೆ ಬೀಳುವ ಮುಂಚೆಯೇ ನರಸಿಂಹುಲು, "ಚೇತಿಕಿ ತಗಿಲಿಂದಿ ಕಾಕಾ" ಎಂದು ಕೈಗೆ ತಗುಲಿದ್ದನ್ನು ಒಪ್ಪಿಕೊಂಡ. ಮಕ್ತಲ್‌ಗೆ ಪೆನಾಲ್ಟಿ, ಒಂದಕ್ಕೊಂದು ಸಮ.

ನಡುವಿನ ವಿರಾಮದಲ್ಲಿ ಜಪ್ಪಣ್ಣನ ತಲೆ ಓಡಿತು. ಕಿರಾಣಿ ಅಂಗಡಿಯ ಶಿವಕಾಂತನನ್ನು ಮೂಲೆಗೆ ಕರೆದ. "ನೀವು ಬೀರಪ್ಪಗ ನಡಕೊಳ್ಳೋರಲ್ಲ, ಹೌದಿಲ್ಲೋ?"

"ಅಲ್ರಿ, ನಮ್ದು ಶಿವನ ಮನಿ."

"ಶಾಬಾಷ್! ಹೋಗಿ ಬೀಳು."

ಶಿವಕಾಂತ ಹೋಗಿ ಚೆಂದವಾಗಿ ಬಿದ್ದ. ಯಂಕಣ್ಣ ಅವನ ಮುಖ ದಿಟ್ಟಿಸಿ, ಚೀಲದ ಇನ್ನೊಂದು ಅಂಕಣದಿಂದ ವಿಭೂತಿ ಗಟ್ಟಿ ತೆಗೆದ. "ನಿಂಗ ಇದು," ಅಂದ. ಶಿವಕಾಂತ ಕೈ ಒಡ್ಡದೆ ತಾನಾಗೇ ಎದ್ದು ತನ್ನ ಜಾಗಕ್ಕೆ ಓಡಿದ. ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಗೆರೆಯ ಪಕ್ಕದ ಕುರ್ಚಿಯಲ್ಲಿದ್ದ ಗುರುಪ್ರಸಾದರೂ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅದನ್ನು ಯಂಕಣ್ಣ ನೋಡಿದ, ಜಪ್ಪಣ್ಣ ನೋಡಲಿಲ್ಲ.

ಆಟ ಮುಗಿಯುವ ಹೊತ್ತು. ಜಪ್ಪಣ್ಣ ಗೋಲಿನ ಹತ್ತಿರವೇ ಗೆರೆಯ ಅಂಚಿನಲ್ಲಿ ನಿಂತಿದ್ದ. ನರೇಂದ್ರ ನರಸಿಂಹುಲುವನ್ನು ದಾಟಿ ನುಗ್ಗಿದ, ಧೂಳೆದ್ದಿತು, ನರೇಂದ್ರ ಬಿದ್ದ. ಸೀಟಿ. ಭಂಡಾರ.

ನರಸಿಂಹುಲು ಹಿಡಿದು ಹೇಳಿದ, "ತಗುಲಿತೋ ಇಲ್ಲೋ ನನಗ ಗೊತ್ತಾಗಲಿಲ್ಲ ಕಾಕಾ."

ನರೇಂದ್ರನೂ ಹಿಡಿದ. ಅಳು ಬರುವಂತಾಗಿತ್ತು ಅವನಿಗೆ. "ನಂಗೂ ಗೊತ್ತಿಲ್ಲ ಕಾಕಾ. ಬಿದ್ದು ಬಿದ್ದು ರೂಢಿ ಆಗಿಬಿಟ್ಟೈತಿ. ಖರೇ ಬಿದ್ನೋ, ಸುಳ್ಳು ಬಿದ್ನೋ, ತಿಳಿಯವಲ್ದು."

ಯಂಕಣ್ಣ ಸುತ್ತ ನೋಡಿ ಜಪ್ಪಣ್ಣನ ಮುಂದೆ ಬಂದು ನಿಂತ. "ನೀವು ಇಲ್ಲೇ ಇದ್ರಿ. ನೀವು ಹೇಳ್ರಿ."

ಗದ್ವಾಲದವರು ಹುಯಿಲೆಬ್ಬಿಸಿದರು. ಪರದೇಶದವನಿಗೆ ಭಂಡಾರದ ಭಯವೆಲ್ಲಿ, ಅವನ ಹೊಟ್ಟೆಪಾಡೇ ಇದರ ಮೇಲಿದೆ ಎಂದು ಕೂಗಿದರು. ಯಂಕಣ್ಣ ಅತ್ತ ತಿರುಗಿಯೂ ನೋಡಲಿಲ್ಲ. "ಅವ್ರ ದೇವ್ರು ಕೊಳ್ಳಾಗ ಅದಾನ, ನಮ್ಮ ದೇವ್ರು ಕೈಯಾಗ. ಇಬ್ಬರೂ ಕೇಳ್ಲಿ," ಎಂದು ಜಪ್ಪಣ್ಣನ ಅಂಗೈಗೆ ಭಂಡಾರ ಸುರಿದ.

ಜಪ್ಪಣ್ಣ ಎಲ್ಲವನ್ನೂ ಕಣ್ಣಾರೆ ಕಂಡಿದ್ದ. ನರಸಿಂಹುಲುವಿನ ಕಾಲು ಒಂದು ಗೇಣು ದೂರವಿತ್ತು. ನರೇಂದ್ರ ತನ್ನ ಕಾಲಿಗೆ ತಾನೇ ಎಡವಿದ್ದ. 'ತಾಗಿತು' ಅಂದರೆ ಪೆನಾಲ್ಟಿ, ಕಪ್ಪು, ಗಿರಣಿ ಮೇಲಿನ ಕೋಣೆ, ರೊಟ್ಟಿ, ಮೀನು, ಉಂಡೇನಪ್ಪಾ. ಒಂದೇ ಮಾತು. ಅದಕ್ಕಿಂತ ದೊಡ್ಡ ಸುಳ್ಳನ್ನು ಶಿಲುಬೆಗೆ ಮುತ್ತಿಟ್ಟು ಹೇಳಿದ ಬಾಯಿ ಅದು. ಆದರೆ ಬಾಯಿ ಬರಲಿಲ್ಲ. ಇಷ್ಟು ವರ್ಷದಲ್ಲಿ ಯಾವ ರೆಫ್ರಿಯೂ ಅವನನ್ನು ಕೇಳಿರಲಿಲ್ಲ. ಎಲ್ಲರೂ ತಮ್ಮ ಕಣ್ಣನ್ನು ನಂಬುತ್ತಿದ್ದರು, ಕಣ್ಣಿಗೆ ಮಣ್ಣೆರಚುವುದು ಅವನ ಕಸುಬು. ನಿನ್ನ ಮಾತನ್ನೇ ನಂಬುತ್ತೇನೆ ಎಂದು ಎದುರಿಗೆ ನಿಂತವನಿಗೆ ಏನು ಮಾಡಬೇಕೆಂದು ಅವನು ಕಲಿತಿರಲಿಲ್ಲ. ನರೇಂದ್ರ ಬೇರೆ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದ. ಸುಳ್ಳಾಡಲು ಮನಸ್ಸಿಲ್ಲ, ನಿಜ ಹೇಳಿದರೆ ಬಸ್ಸು. ಅಯ್ಯೋ ದೇವರೇ ಅನ್ನಿಸಿತು.

ಆಗ ಜಪ್ಪಣ್ಣ ತನಗೆ ಬರುವ ಒಂದೇ ವಿದ್ಯೆಯನ್ನು ಮಾಡಿದ. ಬಿದ್ದ.

ಮೊಣಕಾಲು, ಭುಜ, ಒಂದು ಉಸಿರು. "ಅಯ್ಯವ್ವಾ!" ಭಂಡಾರ ಮೋಡದಂತೆ ಎದ್ದು ಅವನ ಮುಖ ಮೈಯೆಲ್ಲ ಹಳದಿಯಾಯಿತು. ಆ ವಯಸ್ಸು, ಆ ಹೊಟ್ಟೆ ಇಟ್ಟುಕೊಂಡು ಅಂಥ ಬೀಳುವಿಕೆ! ಹುಡುಗರು, "ಸಾಹೇಬ್ರು ಹೋದ್ರೋ!" ಎಂದು ಓಡಿಬಂದು ಸುತ್ತಿಕೊಂಡರು. ಸಿದ್ದಪ್ಪ ನೀರಿಗೆ ಓಡಿದ.

ಯಂಕಣ್ಣ ಬಗ್ಗಿ ಅವನ ಕಿವಿಯ ಹತ್ತಿರ, "ಏಳ್ರಿ. ನಿಮ್ಮನ್ನೂ ಯಾರೂ ಮುಟ್ಟಿಲ್ಲ," ಅಂದ. ಮುಚ್ಚಿದ ಕಣ್ಣು ಒಂದು ತೆರೆಯಿತು. "ಸುಳ್ಳು ಹೇಳೋನಾಗಿದ್ರ ನಿಂತೇ ಹೇಳ್ತಿದ್ರಿ. ಉತ್ತರ ಸಿಕ್ಕಿತು ನನಗ." ಎದ್ದು ನಿಂತು ಸೀಟಿ ಊದಿದ. ಪೆನಾಲ್ಟಿ ಇಲ್ಲ, ಆಟ ಮುಂದುವರಿಯಲಿ.

ಮುಂದುವರಿಯಿತು. ಮಕ್ತಲ್‌ನ ಹುಡುಗರು ಇನ್ನೂ ಗುರುವಿಗೆ ಟವೆಲಿನಿಂದ ಗಾಳಿ ಹಾಕುತ್ತಿದ್ದರು. ಗದ್ವಾಲದವರು ಚೆಂಡು ಒಯ್ದು ಗೋಲು ಹಾಕಿ ಕಪ್ಪು ಗೆದ್ದುಬಿಟ್ಟರು. ಸೈಪ್ರಸ್‌ನಲ್ಲಿ ಆದದ್ದೇ ಗದ್ವಾಲದಲ್ಲೂ ಆಯಿತು.

ಗುರುಪ್ರಸಾದ ಧುಮುಗುಡುತ್ತ ಬಂದರು. ಜಪ್ಪಣ್ಣ ಹಳದಿ ಮುಖ ಹೊತ್ತು ಎದ್ದು ನಿಂತ. ಏನು ಹೇಳುತ್ತಾರೆಂದು ಅವನಿಗೆ ಗೊತ್ತಿತ್ತು, ಎಷ್ಟೋ ಭಾಷೆಯಲ್ಲಿ ಕೇಳಿದ್ದ.

"ಮಾತು ಅಂದ್ರ ಮಾತು," ಎಂದರು ಸಾವುಕಾರ್ರು. "ಬಸ್ಸು ಸಂಜಿಗೈತಿ."

"ಆಗಲ್ರಿ," ಅಂದ ಜಪ್ಪಣ್ಣ. "ಗುರಮ್ಮಗ ಒಂದು ಮಾತು ಹೇಳಿ ಹೋಗ್ತೀನಿ."

ನರೇಂದ್ರ ಮುಖ ತಿರುಗಿಸಿಕೊಂಡ. ಅಷ್ಟರಲ್ಲಿ ಯಂಕಣ್ಣ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಗುರುಪ್ರಸಾದರ ಮುಂದೆ ಹಿಡಿದ. "ಸಾವುಕಾರ್ರ, ನಂದಿನ್ನೂ ಒಂದು ಕೆಲಸ ಉಳದೈತಿ. ಇದನ್ನ ಹಿಡದು ಹೇಳ್ರಿ. ಈ ಮನುಷ್ಯ ಹೋಗ್ಲಿ ಅಂತ ಖರೇನ ನಿಮ್ಮ ಮನಸಿನ್ಯಾಗ ಐತೇನು?"

ಮಕ್ತಲ್, ಗದ್ವಾಲ ಎರಡೂ ಊರಿನ ಜನ ಸುತ್ತ ಕಿಕ್ಕಿರಿದರು. ಗುರುಪ್ರಸಾದ ವಿಭೂತಿ ನೋಡಿದರು. ಜಪ್ಪಣ್ಣನ ಹಳದಿ ಮುಖ ನೋಡಿದರು. ಹೌದೆಂದರೆ ಶಿವ ಮೆಚ್ಚುವುದಿಲ್ಲ, ಇಲ್ಲವೆಂದರೆ ಸಾವುಕಾರರ ಮಾತಿಗೆ ಬೆಲೆಯಿಲ್ಲ. ಅವರ ಮೀಸೆ ಅಲುಗಿತು. ಎದೆಯ ಮೇಲೆ ಒಂದು ಕೈ ಇಟ್ಟರು, ಇನ್ನೊಂದು ಕೈಯನ್ನು ನೆಲಕ್ಕೆ ಊರಿ, ಪಂಚೆ ಸರಿಮಾಡಿಕೊಂಡು, ಮೆಲ್ಲಗೆ ಧೂಳಿನಲ್ಲಿ ಮಲಗಿಬಿಟ್ಟರು.

"ಅಯ್ಯವ್ವಾ," ಅಂದರು, ನಾಲ್ಕು ಜನಕ್ಕೆ ಕೇಳುವಷ್ಟು.

ಮೈದಾನ ಹೋ ಎಂದಿತು. ಜಪ್ಪಣ್ಣನಿಗೆ ಕಣ್ಣಲ್ಲಿ ನೀರು ಬಂತು, ಭಂಡಾರದ ಮೇಲೆ ಗೆರೆ ಬಿತ್ತು. ಆದರೂ ಕಸುಬು ಕಸುಬೇ. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಲೆ ಅಲ್ಲಾಡಿಸಿದ.

"ಭಾಳ ಕೆಟ್ಟ ಬಿದ್ರಿ ಸಾವುಕಾರ್ರ. ಕೈ ಮೊದಲು ಊರಿದ್ರಿ."

ಗುರುಪ್ರಸಾದ ಕಣ್ಣು ಮುಚ್ಚಿಕೊಂಡೇ ಕೇಳಿದರು, "ನಾಳಿ ಎಷ್ಟು ಗಂಟೇಕ ಬರ್ಲಿ ಮೈದಾನಕ್ಕ?"