ಟವಲ್ ಕೆಳಗಿನ ಬೆಲೆ

ಯಲಹಂಕದ ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲನ್ನು ತನ್ನ ಕೈ ಮೇಲೆ ಹರಡಿಕೊಳ್ಳುತ್ತಾನೆ, ಕೊಳ್ಳುವವನು ಅದರಡಿ ಕೈ ತೂರಿಸುತ್ತಾನೆ, ಮಿಕ್ಕಿದ್ದೆಲ್ಲ ಬೆರಳುಗಳ ಮಾತು. ಬಂದ ಬೆಲೆಯನ್ನು ದಲ್ಲಾಳಿ ಹಾಗೆಯೇ ಟವಲಿನಡಿ ಮಾರುವವನ ಕೈಗೆ ದಾಟಿಸುತ್ತಾನೆ. ಬೆರಳು ಹಿಡಿದರೆ ಹತ್ತು, ಬೆರಳ ತುದಿ ಒತ್ತಿದರೆ ಒಂದು. ಮುಖಗಳು ಮಾತ್ರ ಎಲ್ಲೋ ಆಕಾಶ ನೋಡುತ್ತಿರುತ್ತವೆ. ರಹಮತುಲ್ಲಾ ಮೂವತ್ತು ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದವರು. ಅವರ ಮಗ ಜಿಯಾವುಲ್ಲಾ 1967ರಲ್ಲಿ ಕಾನೂನಿನ ಎಂ.ಎಲ್. ಪದವಿಗೆ ಓದುತ್ತ, ಅದೇ ಟವಲನ್ನು ಕಟಕಟೆಯಲ್ಲಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಒಂದು ಅಧ್ಯಾಯ ಬರೆದಿದ್ದ.

ಅವನ ಪ್ರಬಂಧದ ವಿಷಯ ಅಮೆರಿಕ ಮತ್ತು ಯುರೋಪಿನ ಸ್ಪರ್ಧಾ ಕಾನೂನು. ಹತ್ತು ವರ್ಷದ ಹಿಂದೆ ರೋಮ್ ನಗರದಲ್ಲಿ ಆರು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಎಂಬತ್ತೈದನೆಯ ವಿಧಿ ಎಂದೊಂದಿತ್ತು. ವ್ಯಾಪಾರಿಗಳು ಒಳಗೊಳಗೇ ಕೂಡಿಕೊಂಡು ಪೈಪೋಟಿಯನ್ನು ಕೊಲ್ಲಬಾರದು ಎನ್ನುವುದು ಅದರ ಸಾರ. ಜಿಯಾವುಲ್ಲಾನನ್ನು ಹಿಡಿದು ನಿಲ್ಲಿಸಿದ್ದು ಆ ವಿಧಿಯ ಒಂದು ಮಾತು: ಕೂಡಿಕೊಳ್ಳಲು ಕರಾರೇ ಬೇಕಿಲ್ಲ, ಬರೆಯದೆ ಆಡದೆ ಹೊಂದಿಕೊಂಡು ನಡೆದರೂ ಅದು ತಪ್ಪೇ. ಮೌನವನ್ನೂ ವಿಚಾರಣೆಗೆ ಕರೆಯಬಲ್ಲ ಕಾನೂನು! ಮಾತು ಕಡಿಮೆಯ ಮನೆಯಲ್ಲಿ ಬೆಳೆದವನಿಗೆ ಅದು ತನಗಾಗಿಯೇ ಬರೆದಿಟ್ಟಂತೆ ಕಂಡಿತು. ತಾಯಿ ತೀರಿಕೊಂಡ ಮೇಲೆ ಅಪ್ಪ ಮಗ ಊಟದ ಹೊತ್ತಿನಲ್ಲಿ ಆಡುತ್ತಿದ್ದ ದಖ್ಖನಿ ಉರ್ದು ಮಾತುಗಳನ್ನು ಬೆರಳಲ್ಲೇ ಎಣಿಸಬಹುದಿತ್ತು.

ಪ್ರಬಂಧದ ಮಾರ್ಗದರ್ಶಕರು ವೆಂಕಟರಾಮಯ್ಯನವರು. ಮೂರು ಅಧ್ಯಾಯ ಓದಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದ್ದರು: "ಅಮೆರಿಕ ಬಂತು, ಯುರೋಪು ಬಂತು. ಎರಡೂ ಸೊಗಸಾಗಿದೆ ಕಣ್ರೀ. ನಮ್ಮೂರೆಲ್ಲಿ?"

ದೆಹಲಿಯಲ್ಲಿ ಏಕಸ್ವಾಮ್ಯದ ವಿಚಾರಣಾ ಆಯೋಗ ವರದಿ ಕೊಟ್ಟಾಗಿತ್ತು, ನಮಗೂ ಇಂಥ ಕಾನೂನು ಬರುತ್ತದೆಂದು ಮಾತು ನಡೆದಿತ್ತು. ಜಿಯಾವುಲ್ಲಾ ನಾಲ್ಕನೆಯ ಅಧ್ಯಾಯಕ್ಕೆ ತನ್ನ ಊರಿನ ಸಂತೆಯನ್ನೇ ಎತ್ತಿಕೊಂಡ. ಶಿವಾಜಿನಗರ, ಯಶವಂತಪುರದ ಕಡೆಯಿಂದ ಬರುವ ಏಳೆಂಟು ಜನ ಖರೀದಿದಾರರು ಬೆಳಿಗ್ಗೆ ಟೀ ಅಂಗಡಿಯಲ್ಲಿ ಒಟ್ಟಿಗೆ ಕೂರುತ್ತಾರೆ, 'ಇವತ್ತು ಸೇರು ಮಾಂಸಕ್ಕೆ ಇಷ್ಟರ ಮೇಲೆ ಬೇಡ' ಎಂದು ಗೆರೆ ಎಳೆದುಕೊಳ್ಳುತ್ತಾರೆ. ಆಮೇಲೆ ಟವಲಿನ ಮರೆಯಲ್ಲಿ ಆ ಗೆರೆಯನ್ನು ಕಾಯುತ್ತಾರೆ, ಕುರಿಯವನಿಗೆ ಅದರ ಸುಳಿವೇ ಸಿಗುವುದಿಲ್ಲ. ಟವಲ್ ತೆಗೆಸಿ, ಎಲ್ಲರೂ ಕೇಳುವಂತೆ ಬೆಲೆ ಕೂಗಿಸಬೇಕು. ಇದು ಅವನ ವಾದ. ವೆಂಕಟರಾಮಯ್ಯನವರಿಗೆ ಬಹಳ ಹಿಡಿಸಿತು. ಜೂನ್‌ನಲ್ಲಿ ಕಾಲೇಜಿನಲ್ಲಿ ಒಂದು ಅಧ್ಯಾಪಕ ಹುದ್ದೆ ಖಾಲಿಯಾಗುತ್ತಿತ್ತು, ಅಷ್ಟರಲ್ಲಿ ಪ್ರಬಂಧ ಒಪ್ಪಿತವಾದರೆ ಅದು ಅವನಿಗೇ ಎಂದು ಬಾಯಿಬಿಟ್ಟೇ ಹೇಳಿದ್ದರು. ಒಂದೇ ಕೊರತೆ. ನಾಲ್ಕು ಸಂತೆಯ ಬೆಲೆಗಳು ಬೇಕು, ಪಟ್ಟಿ ಮಾಡಿ ಹಿಂದೆ ಅಂಟಿಸಬೇಕು.

ಹಾಗಾಗಿ ಜಿಯಾವುಲ್ಲಾ ಒಂದು ನೋಟ್‌ಬುಕ್ ಹಿಡಿದು, ಚಿಕ್ಕವಯಸ್ಸಿನ ನಂತರ ಮೊದಲ ಬಾರಿಗೆ, ಅಪ್ಪನ ಪಕ್ಕ ಸಂತೆಯಲ್ಲಿ ನಿಂತ. ಏಕೆ ಬಂದೆ ಎಂದು ಅಪ್ಪ ಕೇಳಲಿಲ್ಲ. ಕುರಿಯ ಬೆನ್ನ ಮೇಲೆ ಅಂಗೈ ಒತ್ತಿ ಇಷ್ಟು ಸೇರು ಮಾಂಸ ಎಂದು ಹೇಳುವುದರಲ್ಲಿ ರಹಮತುಲ್ಲಾರನ್ನು ಮೀರಿಸುವವರಿರಲಿಲ್ಲ. ಮಗ ಅದನ್ನು ಬರೆದುಕೊಂಡ. ಆದರೆ ಯಾವುದು ಎಷ್ಟಕ್ಕೆ ಹೋಯಿತು ಎಂದು ಕೇಳಿದಾಗ ಅವರು ತಲೆ ಅಲ್ಲಾಡಿಸಿದರು. ಸಂತೆ ಕರಗುವ ತನಕ ಬೆಲೆ ಹೇಳುವುದು ದಲ್ಲಾಳಿಗೆ ಸಲ್ಲದು. ಸಂಜೆ ಮನೆಗೆ ಹೋದ ಮೇಲೆ, ಚಪ್ಪಲಿ ಬಿಡುವ ಮುಂಚೆಯೇ, ಒಂದೂ ತಪ್ಪದೆ ಒಪ್ಪಿಸಿದರು.

ಸಂತೆಯಲ್ಲಿ ಒಬ್ಬಳ ಕುರಿಯ ಬೆಲೆಗೆ ಮಾತ್ರ ಸಂಜೆಯ ತನಕ ಕಾಯಬೇಕಿರಲಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಿಂದ ಕುರಿ ಹೊಡೆದುಕೊಂಡು ಬರುತ್ತಿದ್ದ ಅಂಜಿನಮ್ಮನದು. ಗಂಡ ಸತ್ತ ಮೇಲೆ ಮಂದೆ ಅವಳದೇ. ಹೆಂಗಸು ಟವಲಿನ ಕೆಳಗೆ ಪರಗಂಡಸಿನ ಕೈ ಹಿಡಿಯುವುದುಂಟೆ? ಕಿವಿಯಲ್ಲಿ ಪಿಸುಗುಡುವುದು ಅದಕ್ಕಿಂತ ಕೆಟ್ಟದ್ದು. ಆದ್ದರಿಂದ ಅವಳ ಕುರಿಗೆ ಬಂದ ಬೆಲೆಯನ್ನು ರಹಮತುಲ್ಲಾ ನಾಲ್ಕು ಮಾರು ದೂರ ನಿಂತು ಗಟ್ಟಿಯಾಗಿ ಹೇಳುತ್ತಿದ್ದರು, ಅವಳು ಹೂಂ ಅನ್ನುತ್ತಿದ್ದಳು ಅಥವಾ ಅನ್ನುತ್ತಿರಲಿಲ್ಲ. ಜಿಯಾವುಲ್ಲಾಗೆ ಒಳಗೇ ಖುಷಿ. ಇಡೀ ಸಂತೆಯಲ್ಲಿ ತನ್ನ ಕಾನೂನು ಬಯಸುವಂಥ ಬಯಲು ಬೆಲೆ ಸಿಗುತ್ತಿರುವುದು ಇವಳೊಬ್ಬಳಿಗೇ. ಪಟ್ಟಿಯಲ್ಲಿ ಅವಳ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದ.

ನಾಲ್ಕನೆಯ ಸಂತೆಯ ಮರುದಿನ ಬೆಳಿಗ್ಗೆ ಅವನು ಲೆಕ್ಕ ಹಾಕಲು ಕೂತ. ಅಪ್ಪನ ಅಂಗೈ ಸಮ ಎಂದ ಕುರಿಗಳನ್ನು ಜೋಡಿ ಮಾಡಿದ. ಚಿಕ್ಕಬಾಣಾವರದ ಪಿಳ್ಳಪ್ಪನ ಟಗರು ಐವತ್ತಾರು ರೂಪಾಯಿ, ಅಂಜಿನಮ್ಮನದು ನಲವತ್ತೆಂಟು. ಇನ್ನೊಂದು ಜೋಡಿ, ಐವತ್ತೆರಡು, ನಲವತ್ತೈದು. ಕೂಡಿದ್ದು ತಪ್ಪಿರಬೇಕೆಂದು ಮತ್ತೆ ನೋಡಿದ. ಹನ್ನೊಂದು ಜೋಡಿ. ಹನ್ನೊಂದರಲ್ಲೂ ಕೆಂಪು ಶಾಯಿ ಕೆಳಗೇ ಇತ್ತು.

ಅವನು ಪೆನ್ನು ಮುಚ್ಚಿಟ್ಟ. ಹೆಂಗಸೆಂದು ಮೋಸ ಮಾಡಿದರೋ? ಹಾಗಿದ್ದರೆ ಬೆಲೆ ಒಬ್ಬೊಬ್ಬರು ಒಂದೊಂದು ಥರ ಇಳಿಸಬೇಕಿತ್ತು. ಸೇರಿನ ಲೆಕ್ಕ ಹಾಕಿದರೆ ಅವಳ ಬೆಲೆಗಳೆಲ್ಲ ಪ್ರತಿ ವಾರ ಒಂದೇ ಕಡೆ, ಟೀ ಅಂಗಡಿಯ ಗೆರೆಗೆ ಬಂದು ತಾಗಿ ಅಲ್ಲೇ ನಿಂತಿದ್ದವು. ಟವಲಿನವು ಗೆರೆ ದಾಟಿದ್ದವು.

ಹಿತ್ತಲಲ್ಲಿ ಅಪ್ಪ ಟವಲನ್ನೇ ಒಗೆದು ಹರವುತ್ತಿದ್ದರು. ಜಿಯಾವುಲ್ಲಾ ಹೋಗಿ ನಿಂತು, ಟವಲ್ ಕೆಳಗೆ ಅವರೆಲ್ಲ ಏಕೆ ಹೆಚ್ಚು ಕೊಡುತ್ತಾರೆ ಎಂದು ಕೇಳಿದ. ರಹಮತುಲ್ಲಾ ಬಟ್ಟೆಯ ಸುಕ್ಕು ಬಿಡಿಸುತ್ತ ಹೇಳಿದ್ದು ಇಷ್ಟು. ಟೀ ಅಂಗಡಿಯಲ್ಲಿ ಎಲ್ಲರೂ ಅಣ್ಣತಮ್ಮಂದಿರು, ಟವಲಿನ ಕೆಳಗೆ ಯಾರೂ ಯಾರಿಗೂ ಏನೂ ಅಲ್ಲ. ಒಳ್ಳೆಯ ಕುರಿ ಕಂಡರೆ ಪ್ರತಿಯೊಬ್ಬನೂ ಮೆಲ್ಲಗೆ ಎರಡು ಬೆರಳು ಹೆಚ್ಚು ಒತ್ತುತ್ತಾನೆ, ಪಕ್ಕದವನಿಗೆ ತಿಳಿಯದಲ್ಲ. ಅಂಜಿನಮ್ಮನ ಕುರಿಗೆ ಹಾಗೆ ಒತ್ತಲು ಬರುವುದಿಲ್ಲ. ಯಾರು ಗೆರೆ ದಾಟಿದರೆಂದು ಎಲ್ಲರ ಕಿವಿಗೂ ಬೀಳುತ್ತದೆ. ಎಲ್ಲರೂ ಕೂಡಿ ಗೊತ್ತು ಮಾಡಿಕೊಂಡ ಶಿವಾಜಿನಗರದ ಲಾರಿಯಲ್ಲಿ ಆ ವಾರ ದಾಟಿದವನ ಕುರಿಗಳಿಗೆ ಜಾಗ ಸಿಗುವುದಿಲ್ಲ.

"ನನ್ನ ಟವಲ್ ಬಗ್ಗೆ ಏನೋ ಬರ್ದಿದ್ದೀಯಂತೆ," ಎಂದರು ಆಮೇಲೆ, ಕನ್ನಡದಲ್ಲಿ, ಸಂತೆಯವರ ಜೊತೆ ಮಾತಾಡುವ ಹಾಗೆ. "ಒಳ್ಳೇದಾ, ಕೆಟ್ಟದ್ದಾ?"

"ತಪ್ಪು ಬರ್ದಿದ್ದೀನಿ ಅಬ್ಬಾ."

ರಹಮತುಲ್ಲಾ ತಲೆಯಾಡಿಸಿ, ತಂತಿಯ ಮೇಲೆ ಟವಲಿನ ಅಂಚುಗಳನ್ನು ಸರಿಮಾಡಿದರು.

ಜಿಯಾವುಲ್ಲಾ ಒಳಗೆ ಬಂದು ಎರಡನೆಯ ಅಧ್ಯಾಯ ತೆರೆದ. ಅಮೆರಿಕದ ಮರದ ವ್ಯಾಪಾರಿಗಳ ಮೊಕದ್ದಮೆ ಅಲ್ಲೇ ಇತ್ತು. ತಾವು ಮಾರಿದ ಬೆಲೆಗಳನ್ನು ಒಬ್ಬರಿಗೊಬ್ಬರು ತೆರೆದು ತಿಳಿಸುತ್ತ ಹೋದವರಿಗೆ, ಪೈಪೋಟಿ ಹೀಗೆ ಸಾಯುತ್ತದೆ ಎಂದು ನ್ಯಾಯಾಲಯ ಹೇಳಿದ್ದ ಪ್ರಕರಣ. ಅವನೇ ಅಡಿಗೆರೆ ಎಳೆದಿದ್ದ, ಅರ್ಥವನ್ನು ಮಾತ್ರ ದಾಟಿ ಹೋಗಿದ್ದ. ಮೌನ ಕಂಡಲ್ಲೆಲ್ಲ ಸಂಚು ಹುಡುಕಿದ್ದ. ಇಲ್ಲಿ ಸಂಚು ನಡೆದದ್ದು ಟೀ ಅಂಗಡಿಯ ಗಲಾಟೆಯಲ್ಲಿ, ಅದು ಮುರಿದದ್ದು ಮೌನದಲ್ಲಿ. ಅವಮಾನವಾಗಬೇಕಿತ್ತು. ಆದರೆ ಎದೆಯಲ್ಲಿ ಏನೋ ಹಗುರವಾಯಿತು. ಇದು ಯಾವ ಪುಸ್ತಕವೂ ಕೊಟ್ಟದ್ದಲ್ಲ, ತಾನು ಕಂಡದ್ದು.

ಅಧ್ಯಾಯ ತಿರುಗಿ ಬರೆಯಬೇಕೆಂದು ಅವನು ಹೇಳಿದಾಗ ವೆಂಕಟರಾಮಯ್ಯನವರು ಸಿಡುಕಿದರು. ಹನ್ನೆರಡು ದಿನ ಉಳಿದಿದೆ, ಇರುವ ವಾದವೇ ಚೆನ್ನಾಗಿದೆ, ಪಟ್ಟಿ ಬೇಕಾದರೆ ಬಿಟ್ಟುಬಿಡಿ, ಪರೀಕ್ಷಕರು ಮದರಾಸಿನವರು, ಯಲಹಂಕದ ಕುರಿ ಅವರಿಗೇನು ಗೊತ್ತು ಎಂದರು. ಹುದ್ದೆಯ ಮಾತನ್ನೂ ನೆನಪಿಸಿದರು. ಜಿಯಾವುಲ್ಲಾ ಮೇಜಿನ ಮೇಲೆ ಹನ್ನೊಂದು ಜೋಡಿಗಳ ಹಾಳೆಯನ್ನಿಟ್ಟ. ಅವರು ಮೊದಲು ನಿಂತೇ ನೋಡಿದರು, ಆಮೇಲೆ ಕೂತು ನೋಡಿದರು.

"ಮುಚ್ಚಿದ್ದೇ ಮುಕ್ತ ಅಂತೀರಾ?"

"ಯಾರಿಂದ ಮುಚ್ಚಿದೆ ಅನ್ನೋದು ನೋಡ್ಬೇಕು ಸಾರ್. ಇಲ್ಲಿ ಒಬ್ಬ ಖರೀದಿದಾರನಿಂದ ಇನ್ನೊಬ್ಬ ಖರೀದಿದಾರನಿಗೆ ಮುಚ್ಚಿದೆ. ಮಾರೋವ್ರಿಗೆ ತೆರೆದೇ ಇದೆ. ಯುರೋಪಿನವ್ರು ವಿಧಿ ಬರೆದ್ರು, ನಮ್ಮವ್ರು ಟವಲ್ ಹಾಸಿದ್ರು."

"ಅಹಂಕಾರ ರೀ ನಿಮಗೆ," ಎಂದರು ವೆಂಕಟರಾಮಯ್ಯ. ಹಾಳೆಯನ್ನು ಮಾತ್ರ ವಾಪಸು ಕೊಡಲಿಲ್ಲ. "ಹನ್ನೆರಡು ದಿನ. ಹದಿಮೂರನೇ ದಿನ ನಾನು ತೊಗೊಳಲ್ಲ."

ಹತ್ತು ದಿನಕ್ಕೆ ಮುಗಿಯಿತು. ನಡುವೆ ಒಂದು ಸಂತೆ ಬಂತು. ಅಂಜಿನಮ್ಮ ಅವನನ್ನು ಕರೆದು, ನಾಲ್ಕು ವಾರ ತನ್ನನ್ನೇ ನೋಡಿ ನೋಡಿ ಬರೆದುಕೊಂಡದ್ದೇನು ಎಂದು ವಿಚಾರಿಸಿದಳು. ಅವನು ಕೆಂಪು ಸಾಲು ತೋರಿಸಿ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಂಗಾ ಸಮಾಚಾರ," ಎಂದಳು. "ಏಳು ವರ್ಸ ಬೆಲೆ ಕೂಗ್ಸಿಕೊಂಡೇ ನಾ ಕೆಟ್ಟೆ ಅನ್ನು."

ಅದರ ಮುಂದಿನ ಸಂತೆಗೆ, ಪ್ರಬಂಧ ಬೈಂಡ್ ಆಗಿ ಅವನ ಕಂಕುಳಲ್ಲಿದ್ದ ದಿನ, ಅವಳು ಒಂದು ತೆಂಗಿನ ಚಿಪ್ಪು ತಂದಿದ್ದಳು. ಜೊತೆಗೆ ಎರಡು ಗಂಟು. ಒಂದರಲ್ಲಿ ಹುಣಸೆ ಬೀಜ, ಇನ್ನೊಂದರಲ್ಲಿ ಅವರೆಕಾಳು. ಚಿಪ್ಪನ್ನು ನೆಲದ ಮೇಲಿಟ್ಟು ರಹಮತುಲ್ಲಾರ ಕಡೆ ತಿರುಗಿದಳು.

"ಸಾಬ್ರೇ, ಇದ್ರ ಮ್ಯಾಲೆ ನಿಮ್ ಟವಲ್ ಆಕಿ. ಉಣಸೆ ಬೀಜ ಅಂದ್ರೆ ಅತ್ತು, ಅವರೆಕಾಳು ಅಂದ್ರೆ ಒಂದು. ಯಾರ್ಗೆ ಬೇಕೋ ಅವ್ರು ಕಾಳು ಆಕಿ ಕೈ ತಗೀಲಿ. ಆಮ್ಯಾಕೆ ನಾ ಕೈ ಇಕ್ತೀನಿ. ಯಾರ್ ಕೈನೂ ಯಾರೂ ಇಡಿಯಂಗಿಲ್ಲ."

ಖರೀದಿದಾರರಲ್ಲಿ ಹಿರಿಯನಾದ ಅಕ್ಬರ್ ಪಾಷಾ ನಕ್ಕ. ಇದೇನು ಕುರಿ ವ್ಯಾಪಾರವೋ, ಅಳಗುಳಿಮಣೆ ಆಟವೋ ಎಂದ. ಉಳಿದವರೂ ನಕ್ಕರು. ರಹಮತುಲ್ಲಾ ನಗಲಿಲ್ಲ. ಹೆಗಲಿನಿಂದ ಟವಲ್ ತೆಗೆದು, ಒದರಿ, ಚಿಪ್ಪಿನ ಮೇಲೆ ಹರಡಿದರು. ನಾಲ್ಕೂ ಅಂಚನ್ನು ಎಳೆದು ಸರಿಮಾಡಿ ಎರಡು ಹೆಜ್ಜೆ ಹಿಂದೆ ನಿಂತರು.

ಮೊದಲು ಕೂತವನು ಅಕ್ಬರ್ ಪಾಷಾನೇ. ಎರಡು ಗಂಟಿನಿಂದಲೂ ಹಿಡಿ ತುಂಬ ತೆಗೆದು, ಮುಷ್ಟಿಯನ್ನು ಟವಲಿನೊಳಗೆ ತೂರಿಸಿ, ಬೇಕಾದಷ್ಟು ಬಿಟ್ಟು, ಆಕಾಶ ನೋಡುತ್ತ ಎದ್ದ. ಅಂಜಿನಮ್ಮ ಕೈಯಿಟ್ಟು ತಡವಿದಳು, ತಲೆ ಅಲ್ಲಾಡಿಸಿ ಚಿಪ್ಪು ಬರಿದು ಮಾಡಿದಳು. ಎರಡನೆಯವನು ಬಂದ. ಮೂರನೆಯವನು ಬಂದ. ಅಕ್ಬರ್ ಪಾಷಾ ಮತ್ತೆ ಬಂದು ಕೂತ. ಈ ಸಲ ಅವನ ಮುಖದಲ್ಲಿ ನಗು ಇರಲಿಲ್ಲ. ಸುತ್ತ ನಿಂತವರೆಲ್ಲ ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ಟವಲನ್ನು ನೋಡುತ್ತಿದ್ದರು. ಕುರಿಗಳ ಅರಚಾಟದ ನಡುವೆ ಅಷ್ಟಗಲ ಜಾಗದಲ್ಲಿ ಮಾತಿರಲಿಲ್ಲ.

ಅಂಜಿನಮ್ಮ ಕೈಯಿಟ್ಟಳು. ಅವಳ ಬೆರಳುಗಳು ಬಟ್ಟೆಯಡಿ ನಿಧಾನವಾಗಿ ಎಣಿಸುವುದು ಕಾಣುತ್ತಿತ್ತು. ನಡುವೆ ಒಮ್ಮೆ ನಿಂತು, ಮೊದಲಿನಿಂದ ಮತ್ತೆ ಎಣಿಸಿದವು. ಅವಳು ಕುರಿಯ ಹಗ್ಗವನ್ನು ಅಕ್ಬರ್ ಪಾಷಾನ ಕಾಲ ಬಳಿ ಎಸೆದಳು. ರಹಮತುಲ್ಲಾ ಬಗ್ಗಿ, ಟವಲಿನಡಿ ಕೈಯಿಟ್ಟು ತಾವೂ ಎಣಿಸಿಕೊಂಡರು.

ಜಿಯಾವುಲ್ಲಾ ಅಪ್ಪನ ಹತ್ತಿರ ಸರಿದು, ಎಷ್ಟಕ್ಕೆ ಎಂದು ಮೆಲ್ಲಗೆ ಕೇಳಿದ.

"ಸಂತೆ ಕರಗಲಿ," ಎಂದರು ರಹಮತುಲ್ಲಾ.

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಅವರ ಪಕ್ಕದಲ್ಲಿ ಕಾಯುತ್ತ ನಿಂತ.