ಸಂಜೆ ಪಾಠಕ್ಕೆ ಮಾಮ ಬೇಡ

ಏಜೆಂಟು ಬಂದ ವಾರದಲ್ಲೇ ಅವಳು ಸಿಕ್ಕಿಬಿದ್ದಳು.

ಅದು ಮನುಷ್ಯ ಏಜೆಂಟಲ್ಲ, ಡ್ರೈವಿಂಗ್ ಸ್ಕೂಲಿನ ಮಾಲೀಕ ಕಂಪ್ಯೂಟರಿಗೆ ಹಾಕಿಸಿದ ಎಐ. ಕಲಿಯಲು ಬರುವವರ ಮೆಸೇಜಿಗೆ ಉತ್ತರ ಕೊಡುವುದು, ಯಾರಿಗೆ ಯಾವ ಹೊತ್ತು, ಯಾವ ಕಾರು, ಯಾವ ಮೇಷ್ಟ್ರು ಅಂತ ಹೊಂದಿಸುವುದು, ಬರಲಾಗದವರ ಪಾಠ ಮುಂದೂಡುವುದು ಎಲ್ಲ ಈಗ ಅದರ ಪಾಲು. ಮೊನ್ನೆ ಮೊನ್ನೆಯವರೆಗೆ ಅದೆಲ್ಲ ಕೌಂಟರಿನಲ್ಲಿ ಕೂರುವ ಅವಳ ಪಾಲಾಗಿತ್ತು. ಇರುವುದು ಎರಡು ಕಾರು, ಇಬ್ಬರು ಮೇಷ್ಟ್ರು. ತಲೆ ತಿನ್ನುವವರಿಗೆ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ ಏಜೆಂಟು ಬಂದ ಮೇಲೆ ಅವಳು ಊಟದ ಡಬ್ಬಿಯನ್ನು ಎರಡೂ ಕೈಯಿಂದ ತೆರೆಯುವಂತಾಗಿತ್ತು.

ಆದರೆ ಅದಕ್ಕೊಂದು ಗುಣವಿತ್ತು. ಅರ್ಥವಾಗದ್ದನ್ನು ಸುಮ್ಮನೆ ಬಿಡುತ್ತಿರಲಿಲ್ಲ, ಕೇಳುತ್ತಿತ್ತು.

‘ಹಿರಿಯ ಮೇಷ್ಟ್ರಿಗೆ ಸಂಜೆ ಪಾಠ ಕೊಟ್ಟಿದ್ದೇ ಇಲ್ಲ. ಹೊಸಬರು ಸಂಜೆಗೆ ಕಾಯುತ್ತಿದ್ದಾರೆ. ಕಾರಣ ತಿಳಿಸಿದರೆ ಮುಂದೆಯೂ ಹಾಗೆಯೇ ನಡೆದುಕೊಳ್ಳುತ್ತೇನೆ.’

ಹಿರಿಯ ಮೇಷ್ಟ್ರು ಅವಳ ಸೋದರಮಾವ. ಪಕ್ಕದಲ್ಲಿ ಕೂತು ‘ಕ್ಲಚ್ಚು! ಕ್ಲಚ್ಚು!’ ಅಂತ ಅರಚುವುದರಿಂದ ಕಲಿಯುವವರೆಲ್ಲ ಅವನನ್ನು ಕ್ಲಚ್ ಮಾಮ ಅನ್ನುತ್ತಿದ್ದರು. ಅಪ್ಪನಿಲ್ಲದ ಅವಳನ್ನು ಎತ್ತಿ ಆಡಿಸಿದವನು, ಈ ಕುರ್ಚಿಯ ಮೇಲೆ ತಂದು ಕೂರಿಸಿದವನು ಅವನೇ. ಅವನ ಕಣ್ಣು ಹೋಗುತ್ತಿತ್ತು. ಪೊರೆಯಲ್ಲ, ನರದ್ದು, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ‘ಕತ್ತಲಾದ್ರೆ ಸ್ವಲ್ಪ ಮಂಜು ಮಂಜು, ಅಷ್ಟೇ’ ಎಂದು ಮಾಮ ಅವಳೊಬ್ಬಳ ಹತ್ತಿರ ಹೇಳಿಕೊಂಡಿದ್ದ. ಅಂದಿನಿಂದ ಅವಳು ಅವನಿಗೆ ಸಂಜೆ ಪಾಠ ಹಾಕಿರಲಿಲ್ಲ. ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಕ್ಕು ಮಾತು ಮರೆಸಬಹುದಿತ್ತು. ಏಜೆಂಟಿನ ಮುಂದೆ ನಕ್ಕು ಏನು ಪ್ರಯೋಜನ? ಅದಕ್ಕೆ ಹೇಳಿದ್ದೆಲ್ಲ ದಿನದ ವರದಿಯಾಗಿ ಮಾಲೀಕನ ಫೋನಿಗೆ ಹೋಗುತ್ತಿತ್ತು.

‘ಸಂಜೆ ಹೊತ್ತು ಮಂಡಿ ನೋವು’ ಎಂದು ಟೈಪ್ ಮಾಡಿದಳು. ಏಜೆಂಟು ಥ್ಯಾಂಕ್ಸ್ ಹೇಳಿತು.

ಮಾರನೆಯ ದಿನ ಮಾಲೀಕ ಬಂದವನೇ, ‘ಏನ್ರೀ, ಮಂಡಿ ನೋವಂತೆ? ಹೇಳೋದಲ್ವಾ?’ ಅಂದ.

‘ಯಾರಿಗೆ? ನನಗಾ?’ ಮಾಮ ಟೀ ಲೋಟ ಕೆಳಗಿಟ್ಟ. ‘ನಮ್ಮ ವಂಶದಲ್ಲೇ ಯಾರಿಗೂ ಮಂಡಿ ನೋವಿಲ್ಲ ಸಾರ್. ಯಾವ ಬಾಯಿಹರುಕ ಹೇಳ್ದ?’

ಅವಳು ಕಣ್ಣು ಹೊಡೆದಳು. ಪಕ್ಕದಿಂದ ಹೊಡೆದದ್ದು, ಅವನಿಗೆ ಕಾಣಲಿಲ್ಲ. ಅಷ್ಟು ಸಾಲದೆಂದು ಮಾಮ ಪ್ಯಾಂಟು ಮೇಲೆಳೆದುಕೊಂಡು ಎಲ್ಲರೆದುರು ಬಸ್ಕಿ ಹೊಡೆಯತೊಡಗಿದ. ಕಿರಿಯ ಮೇಷ್ಟ್ರು ಬಿದ್ದು ಬಿದ್ದು ನಕ್ಕ.

‘ಸಾಕು ಸಾಕು, ನೆಲ ಕುಸಿದೀತು’ ಎಂದ ಮಾಲೀಕ. ‘ಹಾಗಾದ್ರೆ ಸಂಜೆ ನೀವೂ ತಗೊಳ್ಳಿ. ಜನ ಕಾಯ್ತಿದಾರೆ.’

ಅವನು ಅದನ್ನೇ ಫೋನಿನಲ್ಲಿ ಏಜೆಂಟಿಗೂ ಹೇಳಿ ಮುಗಿಸುವಷ್ಟರಲ್ಲಿ ಅದು ಮರುದಿನದ ಸಂಜೆಗೆ ಒಬ್ಬ ನರ್ಸಮ್ಮನನ್ನು ಮಾಮನ ಹೆಸರಿಗೆ ಹಾಕಿತ್ತು.

ಮಾಲೀಕ ಹೋದ ಮೇಲೆ ಮಾಮ ಅವಳನ್ನು ಹಿಂಬಾಗಿಲಿನ ಹತ್ತಿರ ಕರೆದು ಹಲ್ಲು ಕಡಿದ. ‘ಮಂಡಿ ಅಂತ ಮೊದಲೇ ಹೇಳಬಾರದಿತ್ತೇನೇ ಕತ್ತೆ? ಕುಂಟಿಕೊಂಡೇ ಬರ್ತಿದ್ದೆ!’

‘ನೀನು ಬಸ್ಕಿ ಹೊಡೀತೀಯ ಅಂತ ನಂಗೇನು ಕನಸು ಬಿದ್ದಿತ್ತಾ?’

‘ಹೋಗ್ಲಿ ಬಿಡು. ದೀಪ ಇರೋ ರಸ್ತೇಲೇ ಕರ್ಕೊಂಡು ಹೋಗ್ತೀನಿ. ಈ ರಸ್ತೆಗಳೆಲ್ಲ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು.’

‘ಅದೇ ಮಾಮ ನನ್ನ ಭಯ.’

ಅವನು ನಗಲಿಲ್ಲ. ‘ಈ ಕೆಲಸ ಬಿಟ್ರೆ ನಂಗೆ ಬೇರೆ ಏನು ಬರುತ್ತೆ ಹೇಳು. ಮನೇಲಿ ಕೂತು ನಿಮ್ಮತ್ತೆ ಹತ್ರ ಬೈಸ್ಕೊಂಡಿರ್ಲಾ?’

ಮರುದಿನ ಸಂಜೆ ಆಫೀಸಿನ ಷಟರು ಎಳೆದು, ಬೀಗದಕೈ ಹಿಡಿದುಕೊಂಡೇ ಅವಳು ಕಾರಿನ ಹಿಂದಿನ ಸೀಟು ಹತ್ತಿದಳು. ‘ದಾರೀಲಿ ಇಳ್ಕೋತೀನಿ’ ಅಂದಳು. ನರ್ಸಮ್ಮ ಸ್ಟೀರಿಂಗನ್ನು ರೋಗಿಯ ಕೈ ಹಿಡಿದಂತೆ ಹಿಡಿದಿದ್ದಳು. ಪಕ್ಕದಲ್ಲಿ ಮಾಮ, ಅವನ ಕಾಲಡಿಯಲ್ಲೂ ಒಂದು ಬ್ರೇಕು. ಕಲಿಯುವವರು ತಪ್ಪಿದರೆ ಒತ್ತಬೇಕಾದ ಬ್ರೇಕು ಅದು. ಕಲಿಸುವವನ ಕಣ್ಣೇ ಅದರ ಜೀವ.

ಬಿಸಿಲು ಇನ್ನೂ ಆರಿರಲಿಲ್ಲ. ಗೋಡೆಗಳ ಮೇಲೆ ಹಳದಿ ಬೆಳಕಿತ್ತು. ಇನ್ನೂ ಕತ್ತಲಾಗಿಲ್ಲ ಅಂತ ಅವಳು ಸೀಟಿಗೆ ಒರಗಿದಳು.

ಪಾತ್ರೆ ಅಂಗಡಿಯ ತಿರುವಿನಲ್ಲಿ, ಮಾಮ ಕೂತ ಬದಿಯ ಗಲ್ಲಿಯಿಂದ ಸೈಕಲ್ಲೊಂದು ಬಂತು. ತುಳಿಯುತ್ತಿದ್ದವನು ಮುದುಕ, ಕ್ಯಾರಿಯರಿನ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡಿದ್ದ. ಅವಳಿಗೆ ಕಂಡಿತು. ಮಾಮನ ಕಾಲು ಅಲುಗಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನರ್ಸಮ್ಮ ‘ಅಯ್ಯಯ್ಯೋ’ ಎಂದು ಬ್ರೇಕ್ ತುಳಿದಳು. ಕಾರು ಜಗ್ಗಿ ಆಫಾಯಿತು.

‘ಯಾಕಮ್ಮಾ ನಿಲ್ಸಿದ್ದು?’ ಮಾಮ ನೇರ ಮುಂದೆ ನೋಡುತ್ತಾ ಗದರಿದ. ‘ರಸ್ತೆ ಪೂರ್ತಿ ಖಾಲಿ ಇದೆ! ಹೊಡಿ, ಹೊಡಿ. ಕ್ಲಚ್ಚು!’

ಅವನ ಕಿವಿಯ ಪಕ್ಕದ ಗಾಜನ್ನು ಮುದುಕ ಅಂಗೈಯಿಂದ ಬಡಿದ. ‘ಕಣ್ಣೇನು ಮನೇಲಿಟ್ಟು ಬಂದಿದೀಯೇನೋ!’

ಮಾಮ ಬೆಚ್ಚಿಬಿದ್ದು ಅತ್ತ ತಿರುಗಿದ. ನರ್ಸಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಕೆಲಸವೇ ಜನರನ್ನು ನೋಡುವುದು. ‘ಮೇಷ್ಟ್ರೇ, ನಾನು ಆಟೋದಲ್ಲಿ ಹೋಗ್ತೀನಿ’ ಅಂತಷ್ಟೇ ಹೇಳಿ ಇಳಿದಳು.

ಕಾರನ್ನು ವಾಪಸು ತಂದದ್ದು ಹಿಂದಿನ ಸೀಟಿನಿಂದ ಇಳಿದು ಬಂದ ಅವಳು. ಕತ್ತಲ ಹೊತ್ತಿನ ಪಾಠ ಅವಳು ತಪ್ಪಿಸಿದ್ದಳು. ಹಗಲಿನದು? ಬೆಳಗಿನ ಪಾಠಗಳನ್ನೆಲ್ಲ ಅವನಿಗೇ ತುಂಬಿ ತುಂಬಿ ಕೊಟ್ಟವಳು ಅವಳೇ. ಆ ಹೊತ್ತಿಗೆ ರಸ್ತೆಯಲ್ಲಿ ಸ್ಕೂಲಿಗೆ ಹೋಗುವ ಮಕ್ಕಳು. ಮಾಮನನ್ನು ಕಾಪಾಡಿದೆ ಅಂದುಕೊಂಡು ಅವಳು ಅವರನ್ನು ಅವನ ಬ್ರೇಕಿನ ಮುಂದೆ ನಿಲ್ಲಿಸುತ್ತಾ ಬಂದಿದ್ದಳು. ಏನೂ ಆಗದಿದ್ದದ್ದು ಅವಳ ಜಾಣತನದಿಂದಲ್ಲ, ಯಾರ್‍ಯಾರದೋ ಆಯುಸ್ಸು ಗಟ್ಟಿಯಿದ್ದದ್ದರಿಂದ.

ಷಟರು ಎತ್ತಿ ಅವಳು ಕಂಪ್ಯೂಟರಿನ ಮುಂದೆ ಕೂತಳು. ಏಜೆಂಟು ನಾಳೆ ಬೆಳಗಿನ ಪಾಠಗಳನ್ನು ಹೊಂದಿಸಿ ಇಟ್ಟಿತ್ತು. ಮೊದಲ ಪಾಠ ಮಾಮನದೇ.

‘ಏನು ಬರೀತಿದೀಯ?’ ಮಾಮ ಬಾಗಿಲಲ್ಲೇ ನಿಂತಿದ್ದ.

‘ನಿನಗೆ ಪಕ್ಕದ್ದು ಕಾಣಲ್ಲ ಅಂತ. ಹಗಲಲ್ಲೂ.’

‘ಬೇಡ ಕಣೇ. ಒಂದು ತಿಂಗಳು ಸುಮ್ನಿರು. ನಾನೇ ಹೇಳ್ತೀನಿ ಮಾಲೀಕರಿಗೆ.’

‘ನಾಳೆ ಬೆಳಿಗ್ಗೆ ಇದೆಯಲ್ಲ ಮಾಮ, ಪಾಠ.’

‘ನೀನು ಹಿಂದಿನ ಸೀಟಲ್ಲಿ ಕೂತು ಒಂದಿನ ನೋಡ್ಬಿಟ್ಟೆ, ದೊಡ್ಡ ಜಡ್ಜಾಗ್ಬಿಟ್ಟೆ. ನಿನ್ನನ್ನ ಈ ಕುರ್ಚೀಲಿ ಕೂರ್ಸಿದ್ದು ಯಾರು?’

‘ನೀನೇ.’

ಅವಳು ಎಂಟರ್ ಒತ್ತಿದಳು. ಪರದೆಯ ಮೇಲೆ ಮಾಮನ ಪಾಠಗಳು ಒಂದೊಂದಾಗಿ ಜಾಗ ಬದಲಿಸಿದವು; ಕೆಲವು ಕಿರಿಯ ಮೇಷ್ಟ್ರಿಗೆ, ಉಳಿದವು ಮುಂದಿನ ವಾರಕ್ಕೆ. ಯಾರನ್ನೂ ನೋಯಿಸದ ಸಭ್ಯ ಭಾಷೆಯಲ್ಲಿ ಎಲ್ಲರಿಗೂ ಮೆಸೇಜು ಹೋಯಿತು. ಅವನಿಗೂ ಹೋಯಿತು. ಜೇಬಿನಲ್ಲಿ ಫೋನು ಗುಂಯ್ ಎಂದಿತು, ಮಾಮ ತೆಗೆಯಲಿಲ್ಲ. ಕಾರಿನ ಬೀಗದಕೈ ಮೇಜಿನ ಮೇಲೆಯೇ ಇತ್ತು. ಅದನ್ನೊಮ್ಮೆ ನೋಡಿ ಹೊರಗೆ ಹೋದ.

ಅವನು ದಿನವೂ ಮನೆಗೆ ಹೋಗುವ ಸ್ಕೂಟರಿನ ಸ್ಟ್ಯಾಂಡು ಬಿಡಿಸುವ ಸದ್ದು ಕೇಳಿದ ಮೇಲೇ ಅವಳಿಗೆ ಹೊಳೆದದ್ದು. ಓಡಿದಳು. ಅವನು ಹತ್ತಿ ಕೂತಿದ್ದ. ಈಗ ನಿಜವಾಗಿಯೂ ಕತ್ತಲಾಗುತ್ತಿತ್ತು.

‘ಇಳಿ ಮಾಮ.’

‘ಹೋಗು, ಇದನ್ನೂ ನಿನ್ನ ಏಜೆಂಟಿಗೆ ಹೇಳು. ಅದೇ ಬಂದು ನಿಲ್ಸಲಿ.’

ಅವಳು ಹ್ಯಾಂಡಲಿನಡಿ ಕೈ ಹಾಕಿ ಕೀ ಕಿತ್ತುಕೊಂಡಳು. ಅವನು ಕೈ ಎತ್ತಿದ. ಅವಳು ಹುಟ್ಟಿದಾಗಿನಿಂದ ಅವಳಿಗೆ ಒಂದು ಏಟು ಹೊಡೆದವನಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಸೀಟಿನ ಧೂಳು ಒರೆಸಿದ. ಇಳಿದ.

‘ನಿಮ್ಮತ್ತೆಗೆ ನಾನೇನೂ ಹೇಳಲ್ಲ’ ಅಂದ. ‘ನೀನೇ ಹೇಳು. ಯಾಕೆ ನಡ್ಕೊಂಡು ಬಂದ್ರಿ ಅಂತ ಕೇಳ್ತಾಳೆ.’

‘ಹೇಳ್ತೀನಿ.’

‘ನಾಳೆಯಿಂದ ಏನು ಮಾಡ್ತಾರೆ ಅಂತಾನೂ ಕೇಳ್ತಾಳೆ.’

ಅವಳು ಷಟರು ಎಳೆದು ಬೀಗ ಹಾಕಿ ಬಂದಳು. ಸ್ಕೂಟರನ್ನು ತಳ್ಳತೊಡಗಿದಳು. ಮಾಮ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ, ರಸ್ತೆಯ ನಡುವೆಯೇ ನಡೆಯುತ್ತಿದ್ದ. ಹಿಂದಿನಿಂದ ಬಂದ ಗಾಡಿಯೊಂದು ಹಾರ್ನ್ ಹೊಡೆದು ಹೊಡೆದು, ಕಡೆಗೆ ಅವನನ್ನು ಬಳಸಿಕೊಂಡು ಹೋಯಿತು.

‘ಪಕ್ಕಕ್ಕೆ ಬಾ ಮಾಮ’ ಎಂದು ಕೂಗಿದಳು.

ಅವನು ಬರಲಿಲ್ಲ.